ಮನೆಯಲ್ಲೇ ದುಡಿಯುವ ತಾಯಿ ಮತ್ತು ಅವಳ ಕೂಸು

ಹೊಲಕ್ಕೋ ಕಚೇರಿಗೋ ಹೋಗುವ ಹೆಂಗಸು ದುಡಿಯುತ್ತಾಳೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಮನೆಯ ಪಡಸಾಲೆಯಲ್ಲಿ ಕುಳಿತು ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ, ಬಟ್ಟೆ ಹೊಲಿಯುವ, ಮಾರಾಟಕ್ಕೆ ರೊಟ್ಟಿ ಬಡಿಯುವ ತಾಯಿಯ ವಿಷಯ ಬಂದಾಗ, "ಮನೆಯಲ್ಲೇ ಇರುತ್ತಾಳಲ್ಲ, ಮಗುವನ್ನೂ ನೋಡಿಕೊಳ್ಳುತ್ತಾಳೆ" ಎಂಬ ಮಾತು ಸುಲಭವಾಗಿ ಬಂದುಬಿಡುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂದು ಕಂಪ್ಯೂಟರ್ ಕೆಲಸದವರು ಮನೆಯಿಂದಲೇ ದುಡಿಯತೊಡಗಿದಾಗ ಇದರ ಕಷ್ಟ ಹಲವರಿಗೆ ಅರ್ಥವಾಯಿತು. ಬೀಡಿ ಕಟ್ಟುವ ಮನೆಗಳಲ್ಲಿ ಈ ಕಷ್ಟ ತಲೆಮಾರುಗಳಿಂದ ಇದೆ.

1948ರ ಕಾರ್ಖಾನೆ ಕಾಯ್ದೆಯು, ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಅವರ ಮಕ್ಕಳಿಗೆಂದು ಶಿಶುಪಾಲನಾ ಕೊಠಡಿ ಇರಬೇಕು, ಅಲ್ಲಿ ಮಕ್ಕಳನ್ನು ನೋಡಿಕೊಳ್ಳಲು ತರಬೇತಿ ಪಡೆದ ಹೆಂಗಸು ಇರಬೇಕು ಎಂದು ವಿಧಿಸಿತು. ಯಂತ್ರದ ಮುಂದೆ ಕುಳಿತ ತಾಯಿ ಅದೇ ಹೊತ್ತಿಗೆ ಕೂಸನ್ನು ನೋಡಲಾರಳು ಎಂಬುದನ್ನು ಕಾನೂನೇ ಒಪ್ಪಿದಂತಾಯಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಗುರುತಿಸಿತು. ಆದರೆ ಅವರ ಮನೆಗೆ ಶಿಶುಪಾಲನಾ ಕೊಠಡಿ ಬರಲಿಲ್ಲ. ಆ ಕೊಠಡಿಯ ಕೆಲಸವನ್ನು ಮನೆಮಂದಿಯೇ ಸೇರಿ ಮಾಡಬೇಕಾಗಿದೆ. ಅದು ಹೇಗೆ ಎಂಬುದನ್ನು ಇಲ್ಲಿ ತಿಳಿಯೋಣ.

ಮನೆಯಲ್ಲಿರುವುದು ಬೇರೆ, ಮಗುವಿನ ಬಳಿ ಇರುವುದು ಬೇರೆ

ಬೀಡಿಗೆ ಸಾವಿರದ ಲೆಕ್ಕದಲ್ಲಿ ಕೂಲಿ, ಬಟ್ಟೆಗೆ ತುಂಡಿನ ಲೆಕ್ಕದಲ್ಲಿ ಕೂಲಿ. ಕೈ ನಿಂತರೆ ಕೂಲಿಯೂ ನಿಲ್ಲುತ್ತದೆ. ಆದ್ದರಿಂದ ತಾಯಿಯ ಕಣ್ಣು ಕೈಯ ಮೇಲಿರುತ್ತದೆ, ಕಿವಿ ಮಾತ್ರ ಮಗುವಿನ ಕಡೆಗಿರುತ್ತದೆ. ಆದರೆ ಅಂಬೆಗಾಲಿಡುವ ಮಗು ಅಪಾಯದ ವಸ್ತುವನ್ನು ಬಾಯಿಗೆ ಹಾಕಿಕೊಳ್ಳುವಾಗ ಸದ್ದು ಮಾಡುವುದಿಲ್ಲ. ಅಂಬೆಗಾಲಿಡಲು ಆರಂಭಿಸಿದಂದಿನಿಂದ ಸುಮಾರು 3 ವರ್ಷ ತುಂಬುವವರೆಗೆ ಮಗುವಿನ ಮೇಲೆ ಯಾರದಾದರೂ ಕಣ್ಣು ಇರಲೇಬೇಕು.

ಕೆಲಸದ ಸಾಮಾನುಗಳಿಂದ ಆಗುವ ಅಪಾಯ

1. ಬೀಡಿ: ತಂಬಾಕಿನಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಮಗು ಸ್ವಲ್ಪವೇ ತಂಬಾಕು ತಿಂದರೂ ವಾಂತಿ, ಜೊಲ್ಲು ಸುರಿಯುವುದು, ಮುಖ ಬಿಳಿಚುವುದು, ಕೆಲವೊಮ್ಮೆ ಫಿಟ್ಸ್ ಬರಬಹುದು. ಅಂತಹ ವೇಳೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಕೂಡಲೇ ಆಸ್ಪತ್ರೆಗೆ ಕರೆತನ್ನಿ. ತಂಬಾಕಿನ ಮೊರವನ್ನು ಮಗು ಮಲಗುವ ಕೋಣೆಯಲ್ಲಿ ಇಡಬಾರದು. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ನೆಲ ಒರೆಸಿ. ಒಣ ಪೊರಕೆಯಿಂದ ಗುಡಿಸಿದರೆ ಪುಡಿ ಗಾಳಿಗೆ ಏಳುತ್ತದೆ.

2. ಅಗರಬತ್ತಿ: ಇದ್ದಿಲು ಪುಡಿ ಮತ್ತು ಮರದ ಪುಡಿ ಉಸಿರಿನೊಡನೆ ಒಳಗೆ ಹೋಗಿ ಕೆಮ್ಮು ತರುತ್ತವೆ. ಪುಡಿ ಕಲಸುವ ಕೆಲಸವನ್ನು ಮನೆಯ ಹೊರಗೆ, ಮಗು ಹತ್ತಿರ ಇಲ್ಲದಾಗ ಮಾಡಿ.

3. ಹೊಲಿಗೆ: ಸೂಜಿ, ಗುಂಡಿ, ಹುಕ್ಕುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಎತ್ತರದಲ್ಲಿಡಿ. ಇಸ್ತ್ರಿ ಪೆಟ್ಟಿಗೆಯ ವಯರು ಕೆಳಗೆ ಜೋತಾಡದಿರಲಿ. ಮಗು ಏನನ್ನಾದರೂ ನುಂಗಿದೆ ಎಂಬ ಅನುಮಾನ ಬಂದರೆ ಬಾಳೆಹಣ್ಣು ತಿನ್ನಿಸಿ ಕಾಯುತ್ತ ಕೂರಬೇಡಿ. ಗುಂಡಿಯಂತಹ ಚಿಕ್ಕ ಬ್ಯಾಟರಿ ನುಂಗಿದ್ದರಂತೂ ಒಂದು ನಿಮಿಷವೂ ತಡಮಾಡಬೇಡಿ.

4. ರೊಟ್ಟಿ, ಹಪ್ಪಳ, ತಿಂಡಿ ತಯಾರಿಕೆ: ಒಲೆ ನೆಲದ ಮೇಲಿದ್ದರೆ ಸುತ್ತ ಅಡ್ಡಗಟ್ಟೆ ಇರಲಿ. ಸುಟ್ಟರೆ 20 ನಿಮಿಷ ತಣ್ಣೀರು ಹರಿಬಿಡಿ. ಇಂಕು, ಟೂತ್‌ಪೇಸ್ಟ್, ಎಣ್ಣೆ ಹಚ್ಚಬೇಡಿ. ನೀರು ತುಂಬಿದ ಬಕೆಟ್ ಅನ್ನು ಮುಚ್ಚದೆ ಬಿಡಬೇಡಿ. ಸ್ವಲ್ಪ ನೀರಿನಲ್ಲೂ ಎಳೆಮಗು ಮುಳುಗಬಹುದು.

ಎದೆಹಾಲು

ಮೊದಲ 6 ತಿಂಗಳು ಮಗುವಿಗೆ ತಾಯಿಯ ಹಾಲು ಮಾತ್ರ ಸಾಕು, ನೀರೂ ಬೇಡ. ಮನೆಯಲ್ಲೇ ದುಡಿಯುವ ತಾಯಿಗೆ ಇದೊಂದು ಅನುಕೂಲ, ಮಗು ಅತ್ತಾಗ ಎದ್ದು ಹೋಗಿ ಉಣಿಸಬಹುದು. ಈ ಅನುಕೂಲವನ್ನು ಕೂಲಿಯ ಲೆಕ್ಕಕ್ಕಾಗಿ ಕಳೆದುಕೊಳ್ಳಬಾರದು. ತಂಬಾಕು ಮುಟ್ಟಿದವರು ಹಾಲುಣಿಸುವ ಮೊದಲು ಸೋಪು ಹಚ್ಚಿ ಕೈ ತೊಳೆದು, ಕೆಲಸದ ಸೀರೆ ಅಥವಾ ನೈಟಿ ಬದಲಿಸಬೇಕು. ತಂಬಾಕಿನ ಕೆಲಸ ಮಾಡುತ್ತೇನೆಂದು ಹೆದರಿ ಎದೆಹಾಲು ನಿಲ್ಲಿಸುವುದು ಸರಿಯಲ್ಲ. ಕೆಲಸ ಬಿಟ್ಟೇಳಲು ಆಗದ ಹೊತ್ತಿಗೆ ಹಾಲನ್ನು ಶುಭ್ರವಾದ ಸ್ಟೀಲ್ ಬಟ್ಟಲಿಗೆ ಹಿಂಡಿ, ತಂಪಾದ ಜಾಗದಲ್ಲಿ ಮುಚ್ಚಿಟ್ಟು, 4 ಗಂಟೆಯೊಳಗೆ, ಬೇಸಿಗೆಯಲ್ಲಿ ಇನ್ನೂ ಬೇಗ, ಒಳಲೆ ಅಥವಾ ಚಮಚದಿಂದ ಕುಡಿಸಬಹುದು. ಇದನ್ನು ಅಜ್ಜಿಯೂ ಮಾಡಬಹುದು, ತಂದೆಯೂ ಮಾಡಬಹುದು.

ಮಗುವನ್ನು ಸುಮ್ಮನಿರಿಸುವ ಉಪಾಯಗಳು

ಕೆಲಸ ಸಾಗಲೆಂದು ಮಗುವಿನ ಕೈಗೆ ಮೊಬೈಲ್ ಕೊಡುವುದು ಈಗ ಎಲ್ಲೆಡೆ ಕಾಣುತ್ತದೆ. 2 ವರ್ಷದೊಳಗಿನ ಮಗುವಿಗೆ ಅದು ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯ ಸಾರ. ಮಗು ಮಾತು ಕಲಿಯುವುದು ತನಗೆ ಮರುಮಾತಾಡುವ ಮನುಷ್ಯರಿಂದ. ಕೈ ಕೆಲಸ ಮಾಡುತ್ತಿದ್ದರೂ ಬಾಯಿಯಿಂದ ಮಗುವನ್ನು ಮಾತನಾಡಿಸಬಹುದು. ಖಾಲಿ ಡಬ್ಬಿ, ಮರದ ಸೌಟು, ಬಟ್ಟೆಯ ಗೊಂಬೆ ಇಷ್ಟೇ ಆಟಕ್ಕೆ ಸಾಕು.

ನಿದ್ದೆ ಬರಲೆಂದು ನೆಗಡಿ, ಕೆಮ್ಮಿನ ಸಿರಪ್ ಕುಡಿಸುವುದು ಅಪಾಯಕಾರಿ. ಕೆಲವು ನೆಗಡಿ ಔಷಧಿಗಳನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತದ ಔಷಧ ನಿಯಂತ್ರಣ ಅಧಿಕಾರಿಗಳು 2023ರಲ್ಲಿ ಸೂಚಿಸಿದ್ದಾರೆ. ವೈದ್ಯರು ಹೇಳದೆ ಯಾವ ಸಿರಪ್ಪೂ ಬೇಡ.

ದಿನವನ್ನು ಹಂಚಿಕೊಳ್ಳಿ

ಇಡೀ ದಿನ ಅರ್ಧ ಗಮನ ಕೆಲಸಕ್ಕೆ, ಅರ್ಧ ಗಮನ ಮಗುವಿಗೆ ಎಂದಾದರೆ ಎರಡೂ ಕೆಡುತ್ತವೆ. ಬದಲಾಗಿ ಹೊತ್ತನ್ನು ಬೇರೆ ಮಾಡಿ. 1ರಿಂದ 2 ವರ್ಷದ ಮಗು ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ರಿಸುತ್ತದೆ. ಹಗಲು ನಿದ್ದೆಯ ಹೊತ್ತು ಗಮನ ಬೇಕಾದ ಕೆಲಸಕ್ಕಿರಲಿ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಅತ್ತೆಯೋ ಮಾವನೋ ಗಂಡನೋ ಮಗುವನ್ನು ಪೂರ್ತಿಯಾಗಿ ವಹಿಸಿಕೊಳ್ಳಲಿ. "ಸ್ವಲ್ಪ ನೋಡ್ತಿರಿ" ಎಂದರೆ ಯಾರೂ ನೋಡುವುದಿಲ್ಲ. "ಹತ್ತರಿಂದ ಹನ್ನೆರಡು ನಿಮ್ಮದು" ಎಂದು ಹೆಸರಿಟ್ಟು ಹೇಳಬೇಕು. ಅಕ್ಕನನ್ನು ಶಾಲೆ ಬಿಡಿಸಿ ತಮ್ಮನನ್ನು ನೋಡಲು ಕೂರಿಸುವುದು ಮಾತ್ರ ಬೇಡ, ಅದು ಒಂದು ಮಗುವಿಗಾಗಿ ಇನ್ನೊಂದು ಮಗುವಿನ ಬಾಳು ಕೆಡಿಸಿದಂತೆ.

ಅಂಗನವಾಡಿಯ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದಾಗ ನಮ್ಮ ತಿ. ನರಸೀಪುರವೂ ಅದರಲ್ಲಿತ್ತು. 3 ವರ್ಷ ತುಂಬಿದ ಮಗುವನ್ನು ತಪ್ಪದೆ ಕಳುಹಿಸಿ. 2023ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವ ಕೆಲಸ ಆರಂಭವಾಯಿತು. ನಿಮ್ಮ ಊರಿನಲ್ಲಿ ಇದೆಯೇ, ನಿಮ್ಮ ಮಗುವನ್ನು ಸೇರಿಸಿಕೊಳ್ಳುವರೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ.

ತಾಯಿಯ ಆರೋಗ್ಯ

ಒಂದೇ ಭಂಗಿಯಲ್ಲಿ ಕುಳಿತರೆ ಬೆನ್ನು, ಕುತ್ತಿಗೆ ನೋಯುತ್ತವೆ. ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ನೀರು ಕುಡಿಯದೆ, ಮೂತ್ರ ತಡೆದು ಕೂರಬೇಡಿ, ಸೋಂಕು ಬರುತ್ತದೆ. ಸೊಪ್ಪು, ಕಾಳು, ರಾಗಿ ದಿನವೂ ಊಟದಲ್ಲಿರಲಿ, ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆ ಬಿಡಬೇಡಿ. ಮಗು ಮಲಗಿದ ಮೇಲೆ ಮಧ್ಯರಾತ್ರಿಯವರೆಗೆ ದುಡಿಯುವುದು ನಿತ್ಯದ ರೂಢಿಯಾಗಬಾರದು.

ಹೆರಿಗೆಯ ನಂತರ ಎರಡು ವಾರ ಕಳೆದರೂ ಅಳು, ನಿದ್ರಾಹೀನತೆ, ಮಗುವಿನ ಮೇಲೆ ತಡೆಯಲಾಗದ ಸಿಟ್ಟು, ಬದುಕೇ ಬೇಡವೆಂಬ ಯೋಚನೆ ಇದ್ದರೆ ಅದನ್ನು ಸೋಮಾರಿತನ ಎನ್ನಬೇಡಿ. ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ವೈದ್ಯರಿಗೆ ಹೇಳಿ, ಅಥವಾ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ.

ನೆನಪಿಡಿ

● ಮನೆಯಲ್ಲಿ ಮಾಡುವ ದುಡಿಮೆಯೂ ದುಡಿಮೆಯೇ.
● ತಾಯಿ ಕೆಲಸದಲ್ಲಿರುವಾಗ ಮಗುವಿನ ಹೊಣೆ ಇನ್ನೊಬ್ಬರದು, ಅವರು ಯಾರೆಂದು ಮೊದಲೇ ನಿಶ್ಚಯವಾಗಿರಲಿ.
● ಯಾರೂ ಇಲ್ಲದ ಹೊತ್ತಿನಲ್ಲಿ ಮಗು ಎಚ್ಚರವಿದ್ದರೆ ಕೆಲಸ ಪಕ್ಕಕ್ಕಿಡಿ. ಇಂದು ತಪ್ಪಿದ ಕೂಲಿಯನ್ನು ನಾಳೆ ದುಡಿಯಬಹುದು.
● ಅಪಾಯವಾದಾಗ 108ಕ್ಕೆ ಕರೆ ಮಾಡಿ.