ಗೋಬರ್ ಗ್ಯಾಸಿಗೆ ಸಗಣಿಯಷ್ಟೇ ನೀರು



"ದನ ಅಷ್ಟೇ ಇವೆ, ಸಗಣಿನೂ ಅಷ್ಟೇ ಹಾಕ್ತೀವಿ, ಒಲೆ ಮಾತ್ರ ಅರ್ಧ ಗಂಟೆಗೇ ಆರಿಹೋಗ್ತದೆ ಸಾರ್" ಎಂದು ದೂರುವ ಸದಸ್ಯರು ಹಲವರಿದ್ದಾರೆ. ಹಸುವಿನ ಚಿಕಿತ್ಸೆಗೆಂದು ಅಂಥ ಒಂದು ಮನೆಗೆ ಹೋಗಿದ್ದಾಗ ಸ್ಥಾವರವನ್ನೂ ನೋಡಿದೆ. ಮನೆಯವರು ಗಾರೆಯವನನ್ನು ಬೈಯುತ್ತಿದ್ದರು. ಪಾಪ, ತಪ್ಪು ಅವನದಲ್ಲ. ಕೊಟ್ಟಿಗೆ ತೊಳೆದ ನೀರೆಲ್ಲ ಚರಂಡಿಯಲ್ಲಿ ಹರಿದು ನೇರವಾಗಿ ಸಗಣಿ ಕಲಸುವ ತೊಟ್ಟಿಗೇ ಬೀಳುತ್ತಿತ್ತು.

ಲೆಕ್ಕ ನೋಡಿ. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು. ಒಟ್ಟು ಸುಮಾರು 100 ಲೀಟರ್. ಸಗಣಿ 40 ದಿನ ಒಳಗೆ ನಿಲ್ಲಲಿ ಎಂದು 4,000 ಲೀಟರಿನ ಬಾವಿ ಕಟ್ಟಿದ್ದೀರಿ. ಇದಕ್ಕೆ ದಿನವೂ 150 ಲೀಟರ್ ತೊಳೆದ ನೀರು ಸೇರಿದರೆ ಅದೇ ಸಗಣಿ 16 ದಿನಕ್ಕೇ ಹೊರಬೀಳುತ್ತದೆ. ಗಾಳಿಯಿಲ್ಲದಲ್ಲಿ ಸಗಣಿ ಕೊಳೆಸಿ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ ಅಷ್ಟು ಕಾಲ ಸಾಲದು. ಅರ್ಧ ಕೊಳೆತ ಬಗ್ಗಡ ಹೊರಗಿನ ಗುಂಡಿಯಲ್ಲಿ ನಿಂತು ಉಳಿದ ಗ್ಯಾಸನ್ನು ಅಲ್ಲಿ ಬಿಡುತ್ತದೆ. ಗುಂಡಿಯ ಮೇಲೆ ಏಳುವ ಗುಳ್ಳೆಗಳಲ್ಲಿ ನಿಮ್ಮ ಒಲೆಯ ಗ್ಯಾಸೂ ಇದೆ!

ಆ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಿಥೇನ್. ಉರಿಸದೆ ಬಿಟ್ಟ 1 ಕಿಲೋ ಮಿಥೇನ್, ನೂರು ವರ್ಷದ ಲೆಕ್ಕದಲ್ಲಿ, ಸುಮಾರು 27 ಕಿಲೋ ಇಂಗಾಲದ ಡೈ ಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಒಲೆಯಲ್ಲಿ ಉರಿದರೆ ಅದು ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾವಿಯಾಗುತ್ತದೆ; ಆ ಇಂಗಾಲ ಮೊದಲೇ ಮೇವಿನ ಮೂಲಕ ಗಾಳಿಯಿಂದ ಬಂದದ್ದು. ಹಾಗಾಗಿ ಗ್ಯಾಸ್ ಮಿಕ್ಕಿತೆಂದು ನಳ ತೆರೆದು ಬಿಡಬೇಡಿ, ದನದ ಬೂಸಾಕ್ಕೆ ನೀರನ್ನಾದರೂ ಕಾಯಿಸಿ.

ಕೊಟ್ಟಿಗೆ ತೊಳೆಯುವ ಮೊದಲು ಸಗಣಿಯನ್ನು ಬಾಚಿ ತೆಗೆಯಿರಿ. ಒಂದು ಬುಟ್ಟಿ ಸಗಣಿಗೆ ಅದೇ ಅಳತೆಯ ನೀರು ಹಾಕಿ ಕಲಸಿ. ತೊಳೆದ ನೀರಿಗೆ ಬೇರೆ ಚರಂಡಿ ಮಾಡಿ ನೇಪಿಯರ್ ಹುಲ್ಲಿಗೆ ಬಿಡಿ. ಫಿನೈಲ್, ಬ್ಲೀಚಿಂಗ್ ಪುಡಿಯ ನೀರಂತೂ ಸ್ಥಾವರದ ಹತ್ತಿರ ಸುಳಿಯಬಾರದು, ಒಳಗಿನ ಜೀವಿಗಳೇ ಸಾಯುತ್ತವೆ. ಬಗ್ಗಡವನ್ನು ಗುಂಡಿಯಲ್ಲಿ ಕೆರೆಯಂತೆ ನಿಲ್ಲಿಸದೆ ಒಣ ತರಗು, ಕಸಕಡ್ಡಿಯ ಮೇಲೆ ಪದರವಾಗಿ ಹರಡಿ, ಆಗಾಗ ತಿರುವಿ ಹಾಕಿ. ಪೈಪಿನ ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರಿಕೆ ಇದೆ. ಕಡ್ಡಿ ಗೀರಿ ಮಾತ್ರ ಪರೀಕ್ಷಿಸಬೇಡಿ.

ಚರಂಡಿ ತಿರುಗಿಸಿದ ಮರುದಿನವೇ ಒಲೆ ಜೋರಾಗಿ ಉರಿಯದು. ನಾನು ಹೇಳಿದ ಆ ಮನೆಯಲ್ಲಿ ತಿಂಗಳ ಮೇಲೆ ಹಿಡಿಯಿತು. ಅಷ್ಟಾದರೂ ಸರಿಹೋಗದಿದ್ದರೆ ಸಂಘದ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿಡಿ, ನಿಮ್ಮೂರಿಗೆ ಬಂದಾಗ ನೋಡುತ್ತೇನೆ.