ಹೊಗೆಗೂ ಬೆಲೆ ಕಟ್ಟಬೇಕೆ?

ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತೇವೆ. ಕರೆಂಟಿಗೆ ಬೆಲೆಯಿದೆ, ಹೊಗೆಯಿಂದಾಗುವ ಕೆಡುಕಿಗೆ ಬೆಲೆಯಿಲ್ಲ. ಮಳೆ ತಪ್ಪಿದಾಗ ಅದನ್ನು ತೆರುವವರು ಬಡವರು. ಹೊಗೆ ಬಿಟ್ಟವರೇ ತೆರಲಿ ಎಂಬುದೇ ‘ಇಂಗಾಲದ ಬೆಲೆ’ಯ ತಿರುಳು.

ನಮ್ಮಲ್ಲೂ ಇದರ ಒಂದು ರೂಪವಿತ್ತು. 2010ರಲ್ಲಿ ಟನ್ ಕಲ್ಲಿದ್ದಲಿಗೆ 50 ರೂಪಾಯಿ ಸೆಸ್ ಬಂತು. 2016ರಲ್ಲಿ ಅದು 400 ಆಯಿತು. ಹಣ ಶುದ್ಧ ಇಂಧನ ನಿಧಿಗೆಂದು ಹೇಳಲಾಗಿತ್ತು. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ಅದು ರಾಜ್ಯಗಳ ತೆರಿಗೆ ನಷ್ಟ ತುಂಬಲು ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಆ ಸೆಸ್ ರದ್ದಾಗಿ, ಕಲ್ಲಿದ್ದಲಿನ ಜಿ.ಎಸ್.ಟಿ. ಶೇ. 5ರಿಂದ 18ಕ್ಕೇರಿತು. ಈಗಿನ ತೆರಿಗೆ ಕಲ್ಲಿದ್ದಲಿನ ಬೆಲೆಯ ಮೇಲೆ, ಹೊಗೆಯ ಮೇಲಲ್ಲ.

ಇದಕ್ಕೂ ನಮ್ಮ ಊರಿಗೂ ಏನು ಸಂಬಂಧ? ಶ್ರೀರಂಗಪಟ್ಟಣ, ಪಾಂಡವಪುರದ ಎಷ್ಟೋ ಗದ್ದೆಗಳಿಗೆ ಕನ್ನಂಬಾಡಿ ಕಟ್ಟೆಯ ಕಾಲುವೆ ನೀರುಂಟು. ನಾಗಮಂಗಲ, ಕೆ.ಆರ್. ಪೇಟೆಯ ಒಣ ಊರುಗಳಿಗೆ ಕೊಳವೆಬಾವಿಯೇ ಗತಿ. ಐದು ಎಚ್.ಪಿ. ಪಂಪು ಆರು ಗಂಟೆ ಓಡಿದರೆ ಸುಮಾರು 22 ಯೂನಿಟ್. ಅದೆಲ್ಲ ಕಲ್ಲಿದ್ದಲಿನದೇ ಆದರೆ ಸುಮಾರು 15 ಕೆ.ಜಿ. ಸುಡಬೇಕು. ಹಳೆಯ ಸೆಸ್ ಲೆಕ್ಕದಲ್ಲಿ ದಿನಕ್ಕೆ ಆರು ರೂಪಾಯಿ.

ಹತ್ತು ಎಚ್.ಪಿ.ವರೆಗಿನ ಪಂಪಿಗೆ ನಮ್ಮ ರಾಜ್ಯದಲ್ಲಿ ಬಿಲ್ಲಿಲ್ಲ. ಹಾಗಾಗಿ ಆ ಆರು ರೂಪಾಯಿ ಸರ್ಕಾರದ ಸಹಾಯಧನದಲ್ಲಿ, ಎಂದರೆ ನಾವೆಲ್ಲ ತೆರುವ ತೆರಿಗೆಯಲ್ಲಿ ಸೇರುತ್ತಿತ್ತು. ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವಳೂ ತೆರುತ್ತಾಳೆ. ಆ ಹಣ ಹೊಲಕ್ಕೆ ಮರಳದಿದ್ದರೆ ಅದು ನ್ಯಾಯವೇ?

ಮರಳುವ ದಾರಿಯುಂಟು. 2019ರ ಕುಸುಮ್ ಯೋಜನೆ ಪಂಪುಗಳಿಗೆ ಸೌರಶಕ್ತಿ ಕೊಡಲು ಬಂದದ್ದು. ಹಗಲಲ್ಲೇ ಕರೆಂಟು ಸಿಕ್ಕರೆ, ರಾತ್ರಿ ಟಾರ್ಚು ಹಿಡಿದು ಹಾವಿನ ಭಯದಲ್ಲಿ ಮೋಟಾರು ಹಾಕಲು ಹೋಗುವುದು ತಪ್ಪುತ್ತದೆ. ಆದರೆ ಬಿಸಿಲು ಪುಕ್ಕಟೆಯೆಂದು ದಿನವಿಡೀ ನೀರೆತ್ತಿದರೆ ಅಂತರ್ಜಲ ಇನ್ನೂ ಇಳಿದೀತು. ಹನಿ ನೀರಾವರಿಯೂ ಜೊತೆಗಿರಬೇಕು.

ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ, ಇಂಗಾಲದ ಹಕ್ಕುಪತ್ರಗಳ ಕೊಡು-ಕೊಳ್ಳುವಿಕೆ ಹೊಸ ಸಟ್ಟಾ ವ್ಯಾಪಾರವಾದೀತೆಂದು ಎಚ್ಚರಿಸಿದರು. 2019ರಲ್ಲಿ ತೈಲ ಕಂಪನಿಗಳ ಮುಖ್ಯಸ್ಥರಿಗೆ, ಇಂಗಾಲಕ್ಕೆ ಬೆಲೆ ಬೇಕೇ ಬೇಕು ಎಂದರು. ಎರಡೂ ಮಾತು ಒಂದಕ್ಕೊಂದು ವಿರೋಧವಲ್ಲ. ಮಾಡಿದ ಹಾನಿಗೆ ತೆರುವುದು ಬೇರೆ, ಹಾನಿ ಮಾಡಲು ಅನುಮತಿ ಕೊಳ್ಳುವುದು ಬೇರೆ.

ಮನೆಯಲ್ಲಿ ಚರ್ಚಿಸಿರಿ:

1. ಹೊಗೆಯ ತೆರಿಗೆ ಹಣ ಮೊದಲು ಯಾರಿಗೆ ಸಲ್ಲಬೇಕು?

2. ಕಾಲುವೆ ನೀರಿರುವ ರೈತನಿಗೂ ಕೊಳವೆಬಾವಿಯ ರೈತನಿಗೂ ಒಂದೇ ನಿಯಮ ಸರಿಯೇ?

3. ನಮ್ಮ ಮನೆಯಲ್ಲಿ ಈ ತಿಂಗಳು ಎಷ್ಟು ಯೂನಿಟ್ ಉಳಿಸಬಹುದು?