ಉರಿಯುವ ಗ್ಯಾಸು, ಕಾಣದ ನಷ್ಟ



ತರಕಾರಿ ಮಾರುಕಟ್ಟೆಯಲ್ಲಿ ಕಿಲೋಗೆ ಎರಡು ರೂಪಾಯಿ ಇಳಿಸಲು ಹತ್ತು ನಿಮಿಷ ಚೌಕಾಸಿ ಮಾಡುವವರು ನಾವು. ಅದೇ ತರಕಾರಿ ಬೇಯುವ ಒಲೆಯಲ್ಲಿ ಸುಮ್ಮನೆ ಉರಿದುಹೋಗುವ ಗ್ಯಾಸಿನ ಲೆಕ್ಕವನ್ನು ಮಾತ್ರ ಕೇಳುವುದಿಲ್ಲ. ಪಾತ್ರೆಗೆ ಮುಚ್ಚಳ ಹಾಕಿ, ಬರ್ನರ್ ಶುಚಿಯಾಗಿಡಿ, ಎಲ್‌ಇಡಿ ದೀಪ ಹಾಕಿಸಿ ಎಂಬ ಮಾತು ಯಾರಿಗೂ ಹೊಸದಲ್ಲ. ಗೊತ್ತಿದ್ದೂ ವರ್ಷಗಟ್ಟಲೆ ಮುಂದೂಡುತ್ತೇವೆ. ಇದಕ್ಕೆ ನನಗೆ ಕಾಣುವ ಕಾರಣಗಳು ಮೂರು.

1. ನಷ್ಟ ಕಣ್ಣಿಗೆ ಬೀಳುವುದಿಲ್ಲ

ಹಾಲು ಚೆಲ್ಲಿದರೆ ಗಲ್ಲಾದಿಂದಲೇ ಕೂಗುತ್ತೇವೆ. ಹಬೆಯಾಗಿ ಹೋದದ್ದಕ್ಕೆ ಯಾರೂ ಕೂಗುವುದಿಲ್ಲ. ಲೆಕ್ಕ ನೋಡಿ. 30 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಗೆ ತರಲು ಸುಮಾರು 70 ಕಿಲೋಕ್ಯಾಲರಿ ಶಾಖ ಸಾಕು. ಆ ನೀರು ಪೂರ್ತಿ ಹಬೆಯಾಗಲು ಮತ್ತೆ ಸುಮಾರು 540 ಬೇಕು, ಅಂದರೆ ಏಳು ಪಟ್ಟಿಗೂ ಹೆಚ್ಚು. ಕುದಿ ಬಂದ ಮೇಲೆ ಉರಿ ಎಷ್ಟು ಏರಿಸಿದರೂ ತೆರೆದ ಪಾತ್ರೆಯ ನೀರು 100 ಡಿಗ್ರಿ ದಾಟುವುದಿಲ್ಲ. ಬೇಳೆ ಬೇಗ ಬೇಯುವುದಿಲ್ಲ, ಸಿಲಿಂಡರ್ ಮಾತ್ರ ಬೇಗ ಖಾಲಿಯಾಗುತ್ತದೆ. ಪ್ರೆಶರ್ ಕುಕ್ಕರಿನಲ್ಲಿ ಒತ್ತಡದಿಂದ ಬಿಸಿ 120 ಡಿಗ್ರಿಯ ಹತ್ತಿರ ಹೋಗುವುದರಿಂದಲೇ ಅಲ್ಲಿ ಬೇಳೆ ಬೇಗ ಬೇಯುವುದು.

ಆದ್ದರಿಂದ ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳ ಹಾಕಿ. ಕಾಳುಗಳನ್ನು ರಾತ್ರಿಯೇ ನೆನೆಹಾಕಿ. ಇಡ್ಲಿ ಸ್ಟೀಮರಿನ ಬಾಗಿಲಿನ ರಬ್ಬರ್ ಸಡಿಲವಾಗಿದ್ದರೆ ಬದಲಿಸಿ. ಉರಿ ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿದರೆ ಗ್ಯಾಸು ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ, ಬರ್ನರ್ ತೂತುಗಳನ್ನು ಶುಚಿ ಮಾಡಿಸಿ. ಮದುವೆ ಕೆಲಸಕ್ಕೆ ಬಯಲಲ್ಲಿ ಒಲೆ ಹೂಡುವವರು ಗಾಳಿ ಬರುವ ದಿಕ್ಕಿಗೆ ತಗಡಿನ ಮರೆ ಇಡಲಿ. ಸಿಲಿಂಡರ್ ಮಾತ್ರ ಮರೆಯ ಹೊರಗೇ, ಒಲೆಯಿಂದ ದೂರ ಇರಲಿ.

2. ಉರಿ ತಿರುಗಿಸುವವರು ಭಟ್ಟರು, ಬಿಲ್ಲು ಕಟ್ಟುವವರು ನಾವು

ಬೆಳಗಿನ ನೂಕುನುಗ್ಗಲಿನಲ್ಲಿ ಭಟ್ಟರಿಗೆ ಗಿರಾಕಿಯ ಅವಸರ ಕಾಣುತ್ತದೆ, ಗ್ಯಾಸಿನ ದರ ಕಾಣುವುದಿಲ್ಲ. ಅದು ಅವರ ತಪ್ಪಲ್ಲ. ಬೈದರೆ ಎರಡು ದಿನ ನಡೆದೀತು, ಮೂರನೆಯ ದಿನ ಹಳೆಯ ರೀತಿಯೇ. ನಮ್ಮ ಹೋಟೆಲಿನಲ್ಲಿ 19 ಕಿಲೋ ಸಿಲಿಂಡರ್ ಜೋಡಿಸಿದ ದಿನವನ್ನು ಭಟ್ಟರೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ವ್ಯಾಪಾರ ಏರಿಳಿಯುವುದರಿಂದ ಬರೀ ದಿನ ಎಣಿಸಿದರೆ ಸಾಲದು. ತಿಂಗಳಿಗೆ ಎಷ್ಟು ಕಿಲೋ ಅಕ್ಕಿ-ಬೇಳೆಗೆ ಎಷ್ಟು ಸಿಲಿಂಡರ್ ಎಂದು ಹೋಲಿಸಬೇಕು. ಉಳಿದ ಹಣದಲ್ಲಿ ಅಡುಗೆಮನೆಯವರಿಗೂ ಒಂದು ಪಾಲು ಕೊಡಿ. ಆಗ ಹೇಳದೆಯೇ ಉರಿ ತಗ್ಗುತ್ತದೆ.

3. "ಜಾಗ ನಮ್ಮದಲ್ಲವಲ್ಲ"

ಮುಂಬಯಿ, ಪುಣೆಗಳಲ್ಲಿ ನಮ್ಮವರು ಅನೇಕರು 11 ತಿಂಗಳ ಕರಾರಿನ ಜಾಗದಲ್ಲಿದ್ದೇವೆ. ಬೇರೆಯವರ ಜಾಗಕ್ಕೆ ಹಣ ಏಕೆ ಹಾಕಬೇಕು ಎಂಬ ಪ್ರಶ್ನೆ ಸಹಜ. ಹಳೆಯ ಟ್ಯೂಬ್‌ಲೈಟ್ ಚೋಕ್ ಸೇರಿ ಸುಮಾರು 50 ವ್ಯಾಟ್ ಎಳೆಯುತ್ತದೆ. ಅದೇ ಬೆಳಕಿಗೆ ಎಲ್‌ಇಡಿಗೆ 20 ಸಾಕು. 12 ದೀಪ ದಿನಕ್ಕೆ 14 ಗಂಟೆ ಉರಿದರೆ ದಿನಕ್ಕೆ 5 ಯೂನಿಟ್, ತಿಂಗಳಿಗೆ 150 ಯೂನಿಟ್ ಉಳಿತಾಯ. ಯೂನಿಟ್‌ಗೆ 10 ರೂಪಾಯಿ ಎಂದಿಟ್ಟುಕೊಂಡರೆ 1,500 ರೂ. ದೀಪಕ್ಕೆ 300 ರೂ.ನಂತೆ 3,600 ರೂ. ಹಾಕಿದರೂ ಮೂರು ತಿಂಗಳೊಳಗೆ ಹಣ ವಾಪಸು. ಕರಾರು ಮುಗಿದರೆ ಬಿಚ್ಚಿಕೊಂಡು ಹೋಗಬಹುದು. ಹಳೆಯ 75 ವ್ಯಾಟಿನ ಫ್ಯಾನಿನ ಬದಲು ಸುಮಾರು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕುವುದಕ್ಕೂ ಇದೇ ರೀತಿ ಲೆಕ್ಕ ಹಾಕಿ ನೋಡಿ.

ಫ್ರಿಜ್ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಹೋಗಿದೆ, ತಂಪು ಸೋರುತ್ತಿದೆ.

ಬಾಡಿಗೆ, ಸಂಬಳ, ಸಿಲಿಂಡರ್ ದರ ಯಾವುದೂ ನಮ್ಮ ಕೈಯಲ್ಲಿಲ್ಲ. ದೋಸೆಗೆ ಐದು ರೂಪಾಯಿ ಏರಿಸಿದರೆ ಗಿರಾಕಿ ಪಕ್ಕದ ಹೋಟೆಲ್ ಹತ್ತುತ್ತಾನೆ. ಸಣ್ಣ ಹೋಟೆಲುಗಳು ಬಾಗಿಲು ಹಾಕುವುದು ಒಂದು ದೊಡ್ಡ ಹೊಡೆತದಿಂದಲೇ ಎಂದೇನಿಲ್ಲ, ಇಂಥ ದಿನದಿನದ ಸೋರಿಕೆಯಿಂದಲೂ ಹೌದು. ಬರುವ 1ನೇ ತಾರೀಕಿನಿಂದ ಒಂದೇ ತಿಂಗಳು ಸಿಲಿಂಡರ್ ಮತ್ತು ಮೀಟರಿನ ಲೆಕ್ಕ ಬರೆದಿಡಿ. ಆ ಪುಸ್ತಕವನ್ನು ಮುಂದಿನ ಸಭೆಗೆ ತನ್ನಿ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಪಾಠವಾಗಲಿ.